ಸೇಂಟ್ ಆಂಡ್ರೂಸ್: ಬ್ಯಾಲೆಟ್‌ಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಗುರುವಾರ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿರುವ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಆಡಬೇಕೆಂದರೆ ಮಂಗಳವಾರ ಮಧ್ಯಾಹ್ನ 2 ಗಂಟೆಯೊಳಗೆ ಬ್ಯಾಲೆಟ್‌ಗೆ ಹೆಸರು ಹಾಕಬೇಕು. ಚೀಟಿ ಎತ್ತಿದ ಹಾಗೆ, ಸಿಕ್ಕರೆ ಸಿಕ್ಕಿತು. ಒಂದು ತಂಡಕ್ಕೆ ಇಬ್ಬರಿಂದ ನಾಲ್ವರು. ಆಡುವವರು ಸೋಮವಾರ ರಾತ್ರಿಯೊಳಗೆ ಪೂರ್ತಿ ಹೆಸರು, ಹೋಮ್ ಕ್ಲಬ್, ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ತೋರಿಸುವ ಅಂಕ) ನನಗೆ ಕಳಿಸಿ. ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಜೊತೆಗಿರಲಿ, ಹೋದ ಸಲ ನಾನೇ ಮನೆಯಲ್ಲಿ ಬಿಟ್ಟು ಬಂದು ಪೇಚಾಡಿದ್ದೆ.

ಹೆಸರು ಬರದಿದ್ದರೆ ಬೇಜಾರು ಬೇಡ. ಭಾನುವಾರ ಅಲ್ಲಿ ಆಟ ಇರುವುದಿಲ್ಲ, ಊರವರು ನಾಯಿ ಕರೆದುಕೊಂಡು ವಾಕಿಂಗ್ ಬರುತ್ತಾರೆ. ನಾವೂ ಸುಮ್ನೆ ಸುತ್ತಾಡಿ, 18ನೇ ಹೋಲ್‌ನ ಸ್ವಿಲ್ಕನ್ ಸೇತುವೆ ಮೇಲೆ ಫೋಟೋ ತೆಗೆಸಿಕೊಳ್ಳೋಣ. ಟಿವಿಯಲ್ಲಿ ಕಂಡಷ್ಟು ದೊಡ್ಡದಲ್ಲ, ಪುಟ್ಟ ಕಲ್ಲು ಸೇತುವೆ. 17ನೇ ಹೋಲ್‌ನ ಆಳವಾದ ಮರಳು ಗುಂಡಿ ರೋಡ್ ಬಂಕರ್‌ಗೆ ಇಣುಕಿ ನೋಡಿ, ಇಳಿಯಬೇಡಿ.

ಬರದವರೂ ದಯವಿಟ್ಟು ‘ಇಲ್ಲ’ ಅಂತ ಒಂದು ಮೆಸೇಜ್ ಹಾಕಿ.