ಗೆಳೆಯನಿಗೊಂದು ಪತ್ರ: ನೀನು ಕೇಳಿದ ಉಪನ್ಯಾಸದ ಬಗ್ಗೆ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಮೂರು ವಾರವಾಯಿತು. ನಿಮ್ಮ ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಮಕ್ಕಳಿಗೆ ‘ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮನೋಸ್ಥೈರ್ಯ’ ಎಂಬ ವಿಷಯವಾಗಿ ಒಂದು ಗಂಟೆ ಮಾತನಾಡಬೇಕೆಂದು ಕೇಳಿದ್ದೆ. ಒಪ್ಪಲೂ ಆಗದೆ, ಒಲ್ಲೆನೆನ್ನಲೂ ಮನಸ್ಸು ಬಾರದೆ ದಿನ ದೂಡಿದೆ. ನನ್ನನ್ನು ತಡೆದದ್ದು ಆ ಕೊನೆಯ ಪದ. ಮನೋಸ್ಥೈರ್ಯವೆಂದರೆ ಕೆಲವರಿಗೆ ಹುಟ್ಟಿನಿಂದ ಬಂದ ಆಸ್ತಿ, ಬಾರದವರು ತರಬೇತಿ ಪಡೆದು ಗಳಿಸಿಕೊಳ್ಳಬೇಕು ಎಂಬ ಧಾಟಿಯಲ್ಲಿ ಎಲ್ಲರೂ ಮಾತನಾಡುತ್ತಾರೆ. ಕೋವಿಡ್ ವಾರ್ಡಿನಲ್ಲಿ ನರ್ಸಾಗಿ ನಾನು ಕಂಡದ್ದು ಬೇರೆ. ನಮ್ಮನ್ನು ನಿಲ್ಲಿಸಿದ್ದೆಲ್ಲ ಬಹುಮಟ್ಟಿಗೆ ನಮ್ಮ ಹೊರಗಿತ್ತು: ಡ್ಯೂಟಿ ಪಟ್ಟಿ, ಪಕ್ಕದಲ್ಲಿ ನಿಂತವರು, ಮನೆಗೆ ಹೋಗುವ ದಿನ ಯಾವುದೆಂಬ ಖಾತ್ರಿ. ಅವು ಇದ್ದಾಗ ನಾವೆಲ್ಲ ಧೀರರಾಗಿದ್ದೆವು, ತಪ್ಪಿಹೋದ ದಿನ ನಮ್ಮಲ್ಲಿನ ಗಟ್ಟಿಗರೂ ಲಿನನ್ ಕೋಣೆಗೆ ಹೋಗಿ ಅತ್ತು ಬಂದರು.

2020ರ ಮಾರ್ಚ್ ನೆನಪಿಸಿಕೋ. ಕಲಬುರಗಿಯ 76 ವರ್ಷದ ಹಿರಿಯರೊಬ್ಬರು 10ರಂದು ತೀರಿಕೊಂಡು, ಅವರಿಗೆ ಕೊರೊನಾ ಇದ್ದದ್ದು 12ರಂದು ಖಚಿತವಾಗಿ, ದೇಶದ ಮೊದಲ ಕೋವಿಡ್ ಸಾವು ನಮ್ಮ ರಾಜ್ಯದ್ದೇ ಆಯಿತು. ಕೆಲವೇ ದಿನಗಳಲ್ಲಿ ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ತಗುಲಿತು. ಮೊದಲ ಸುದ್ದಿಗಿಂತ ಈ ಎರಡನೆಯದು ನಮ್ಮ ಡ್ಯೂಟಿ ಕೋಣೆಯನ್ನು ಹೆಚ್ಚು ಅಲುಗಾಡಿಸಿತು. ಮಾರ್ಚ್ 22ರ ಸಂಜೆ ಐದಕ್ಕೆ ನಮ್ಮ ಮನೆಯ ಮಾಲೀಕರು ಮಹಡಿಯ ಮೇಲೆ ನಿಂತು ಮನಸಾರೆ ಚಪ್ಪಾಳೆ ತಟ್ಟಿದರು, ನನ್ನನ್ನು ಕಂಡು ಕೈಯನ್ನೂ ಮುಗಿದರು. ಅದೇ ವಾರ, ಮುಂಬಾಗಿಲ ಮೆಟ್ಟಿಲು ಬಿಟ್ಟು ಹಿತ್ತಲ ಕಡೆಯಿಂದ ಓಡಾಡಿದರೆ ಒಳ್ಳೆಯದಲ್ಲವೇ ಎಂದು ಬಹಳ ಮೃದುವಾಗಿ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ತಾಯಿಯಿದ್ದರು. ಆದರೂ ಹನ್ನೆರಡು ಗಂಟೆ ದುಡಿದು ಬಂದು ಹಿತ್ತಲ ಬಾಗಿಲು ತಳ್ಳುವಾಗ, ನಾನು ಮಾಡಬಾರದ್ದೇನನ್ನೋ ಮಾಡಿ ಬಂದಂತೆ ಅನಿಸುತ್ತಿದ್ದುದು ಮಾತ್ರ ನಿಜ.

ಅಷ್ಟಾದರೂ ಮೊದಲ ಅಲೆಯನ್ನು ನಾವು ದಾಟಿದೆವು. ಆಗ ಏಳು ದಿನ ವಾರ್ಡು, ಆಮೇಲೆ ಕ್ವಾರಂಟೈನು ಎಂಬ ಪಾಳಿಯಿತ್ತು. ಭಯಕ್ಕೂ ಒಂದು ಕೊನೆಯ ತಾರೀಖು ಬರೆದಿದ್ದರೆ ಅದನ್ನು ಹೊರಬಹುದು. ನಾಲ್ಕನೆಯ ದಿನ ‘ಇನ್ನು ಮೂರು’ ಎಂದು ಒಬ್ಬರಿಗೊಬ್ಬರು ಬೆರಳು ತೋರಿಸಿಕೊಳ್ಳುತ್ತಿದ್ದೆವು, ಏಕೆಂದರೆ ಪಿಪಿಇ ಕಿಟ್‌ನೊಳಗಿಂದ ಮಾತು ಕೇಳಿಸುತ್ತಿರಲಿಲ್ಲ.

ಡಾಫಿಂಗ್ ಕೋಣೆಯ, ಅಂದರೆ ಪಾಳಿ ಮುಗಿದ ಮೇಲೆ ಕಿಟ್ ಕಳಚುವ ಕೋಣೆಯ, ಅಮ್ಮನ ಬಗ್ಗೆ ನಿನಗೆ ಹೇಳಲೇಬೇಕು. ಹೊರಗುತ್ತಿಗೆಯ ಗ್ರೂಪ್ ಡಿ ನೌಕರರು, ವಯಸ್ಸು ಐವತ್ತು ದಾಟಿತ್ತು. ಕಿಟ್ ಕಳಚುವಾಗಲೇ ಸೋಂಕು ತಗುಲುವ ಅಪಾಯ ಹೆಚ್ಚು ಎಂಬುದು ನಿನಗೆ ಗೊತ್ತಿದೆ. ಆರು ಗಂಟೆ ನೀರು ಕುಡಿಯದೆ, ಮೂತ್ರಕ್ಕೂ ಹೋಗದೆ ಇದ್ದವನು ಆ ಹೊತ್ತಿನಲ್ಲಿ ಎಲ್ಲವನ್ನೂ ಒಂದೇ ಸಲ ಕಿತ್ತೆಸೆಯಲು ಹೊರಡುತ್ತಾನೆ. ಆ ಅಮ್ಮ ಎರಡು ಮಾರು ದೂರದಲ್ಲಿ ಹೈಪೋಕ್ಲೋರೈಟ್ ಬಕೆಟ್ಟಿನ ಪಕ್ಕ ನಿಂತು, ‘ಮೊದಲು ಹೊರಗಿನ ಗ್ಲೌಸು. ಕೈ ಉಜ್ಜಿ. ಈಗ ಗೌನು, ಒಳಮುಖವಾಗಿ ಸುತ್ತಿ. ಕೈ ಉಜ್ಜಿ. ಅವಸರ ಬೇಡ ಬ್ರದರ್, ಬಸ್ಸೇನೂ ಹೋಗಿಲ್ಲ’ ಎಂದು ಒಂದೊಂದನ್ನೂ ಎಣಿಸಿ ಹೇಳುತ್ತಿದ್ದರು. ಮಾಸ್ಕ್ ತೆಗೆದ ಮೇಲೆ ಮೂಗಿನ ಮೇಲಿನ ಗಾಯವನ್ನು ನೋಡಿ, ಕೊಬ್ಬರಿ ಎಣ್ಣೆ ಹಚ್ಚಲು ಹೇಳಿ ಆಚೆ ಕಳಿಸುತ್ತಿದ್ದರು. ಅವರು ಬಾಗಿಲಲ್ಲಿದ್ದ ದಿನ ಜೀವದ ಹೊಣೆಯನ್ನು ಹತ್ತು ನಿಮಿಷ ಬೇರೆಯವರ ಕೈಗೆ ಒಪ್ಪಿಸಬಹುದಾಗಿತ್ತು. ಮನೋಸ್ಥೈರ್ಯ ಎಂದರೇನು ಎಂದು ನಿನ್ನ ವಿದ್ಯಾರ್ಥಿಗಳು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಎಣಿಕೆಯ ಧ್ವನಿ.

ಎರಡನೆಯ ಅಲೆ ಬಂದಾಗ ನಮಗೆ ಲಸಿಕೆಯಾಗಿತ್ತು. ನಮ್ಮ ಜೀವದ ಭಯ ಅರ್ಧಕ್ಕಿಳಿದಿತ್ತು, ಆದರೂ ನಮ್ಮಲ್ಲಿ ಹೆಚ್ಚಿನವರು ಮುರಿದದ್ದು ಆಗಲೇ. 2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೇಶದ ಆಸ್ಪತ್ರೆಗಳ ಮೇಲೆ ಹೂವಿನ ಪಕಳೆ ಸುರಿಸಿದ್ದವು. ಸರಿಯಾಗಿ ವರ್ಷ ತುಂಬುವ ಹೊತ್ತಿಗೆ, 2021ರ ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡ ಸುದ್ದಿ ಬಂತು. ಅಂದು ರಾಜ್ಯದ ಯಾವ ವಾರ್ಡಿನ ನರ್ಸೂ ಅದನ್ನು ದೂರದ ಸುದ್ದಿಯೆಂದು ಓದಿರಲಾರರು.

ಲೆಕ್ಕ ಹೇಳುತ್ತೇನೆ, ಕೇಳು. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕವಿರುತ್ತದೆ. ಮೂಗಿನ ಮೂಲಕ ರಭಸವಾಗಿ ಆಮ್ಲಜನಕ ಹರಿಸುವ ಹೈ ಫ್ಲೋ ಯಂತ್ರವನ್ನು ನಿಮಿಷಕ್ಕೆ 60 ಲೀಟರಿಗೆ ಇಟ್ಟು ಅಪ್ಪಟ ಆಮ್ಲಜನಕವನ್ನೇ ಕೊಟ್ಟರೆ, ಒಬ್ಬ ರೋಗಿ ಅದನ್ನು ಎರಡು ಗಂಟೆಯೊಳಗೆ ಮುಗಿಸುತ್ತಾನೆ. ಅಂಥ ಆರು ಮಂದಿ ಇದ್ದ ರಾತ್ರಿ, ನಾನೂ ಟೆಕ್ನಿಷಿಯನ್ನೂ ಅರ್ಧ ಗಂಟೆಗೊಮ್ಮೆ ಹಿಂದಿನ ಶೆಡ್ಡಿಗೆ ಹೋಗಿ ಟಾರ್ಚ್ ಬಿಟ್ಟು ಮೀಟರಿನ ಮುಳ್ಳು ನೋಡಿ ಬರುತ್ತಿದ್ದೆವು. ಲಾರಿ ಬೆಳಿಗ್ಗೆಯವರೆಗೆ ಬರುವುದಿಲ್ಲವೆಂದು ಗೊತ್ತಾದಾಗ, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) ಸ್ವಲ್ಪ ಚೆನ್ನಾಗಿರುವವರ ಫ್ಲೋ ಇಳಿಸಿ ಎಂದು ಡ್ಯೂಟಿ ಡಾಕ್ಟರು ಹೇಳಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಬೇರೆ ದಾರಿ ಇರಲಿಲ್ಲ. ಹನ್ನೊಂದನೆಯ ಬೆಡ್ಡಿನಲ್ಲಿ 95 ತೋರಿಸುತ್ತಿತ್ತು. ಗುಂಡಿ ತಿರುಗಿಸಿದ್ದು ನನ್ನ ಕೈ. 91ಕ್ಕೆ ಬಂದು ನಿಂತಿತು. ಆ ಮನುಷ್ಯ ಕಣ್ಣು ಬಿಟ್ಟು ನೋಡಿ, ಯಂತ್ರದ ಸದ್ದು ಕಡಿಮೆಯಾದದ್ದಕ್ಕೆ ವಾಸಿಯಾಗುತ್ತಿದ್ದೇನೆಂದು ತಿಳಿದು, ನನಗೆ ಹೆಬ್ಬೆರಳು ಎತ್ತಿ ತೋರಿಸಿದ. ಮೂರನೆಯ ದಿನ ತೀರಿಕೊಂಡ. ಆ ರಾತ್ರಿ ಫ್ಲೋ ಇಳಿಸಿದ್ದಕ್ಕೂ ಅವನ ಸಾವಿಗೂ ಸಂಬಂಧವಿತ್ತೋ ಇಲ್ಲವೋ ಯಾವ ಕೇಸ್ ಶೀಟೂ ಹೇಳಲಾರದು.

ಇದನ್ನು ದಣಿವು ಎಂದು ಕರೆದರೆ ತಪ್ಪಾಗುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ ‘ನೈತಿಕ ಗಾಯ’ ಎಂಬ ಮಾತನ್ನು ಬಳಕೆಗೆ ತಂದರು. ಸರಿಯೆಂದು ನಂಬಿದ್ದಕ್ಕೆ ವಿರುದ್ಧವಾಗಿ ನಡೆಯಬೇಕಾಗಿ ಬಂದವರೊಳಗೆ ಉಳಿಯುವ ಗಾಯವದು. ದಣಿದವನಿಗೆ ರಜೆ ಕೊಟ್ಟರೆ ಚೇತರಿಸಿಕೊಳ್ಳುತ್ತಾನೆ, ಈ ಗಾಯವಿದ್ದವನು ರಜೆಯಲ್ಲೇ ಹೆಚ್ಚು ನರಳುತ್ತಾನೆ. ಇನ್ನು ಬರ್ನ್‌ಔಟ್ ಎಂದು ನಾವು ದಿನಬಳಕೆಯಲ್ಲಿ ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ, ಸರಿಯಾಗಿ ನಿಭಾಯಿಸದ ಕೆಲಸದ ಸ್ಥಳದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸಿತ್ತು, ಅದನ್ನು ಕಾಯಿಲೆಯೆಂದು ವರ್ಗೀಕರಿಸಿರಲಿಲ್ಲ. ಕೆಲಸದ ಸ್ಥಳ ಎಂಬ ಆ ಮಾತಿಗೆ ನೀನು ಪಾಠದಲ್ಲಿ ಅಡಿಗೆರೆ ಹಾಕಿಸು. ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯನ್ನು 2020ರ ಆರಂಭದಲ್ಲೇ ವಿಚಾರಿಸಿದಾಗ ಅರ್ಧದಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು, ಮೂರರಲ್ಲೊಬ್ಬರಿಗೆ ನಿದ್ರೆಯ ತೊಂದರೆ ಕಂಡಿದ್ದವು. ಹೆಚ್ಚು ನೊಂದವರು ರೋಗಿಗಳ ಹತ್ತಿರ ನಿಂತವರು, ಅದರಲ್ಲೂ ನರ್ಸುಗಳು ಮತ್ತು ಹೆಂಗಸರು. ಅರ್ಧಕ್ಕರ್ಧ ಜನ ಕುಸಿಯುವ ಕಡೆ ಒಬ್ಬೊಬ್ಬರ ಎದೆಗಾರಿಕೆಯನ್ನು ತೂಗಿ ನೋಡುವುದರಲ್ಲಿ ಏನು ಅರ್ಥವಿದೆ?

ನಮಗೂ ಒಂದು ವೆಬಿನಾರ್ ಇಟ್ಟಿದ್ದರು. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಹನ್ನೊಂದಕ್ಕೆ, ಹಾಜರಿ ಕಡ್ಡಾಯ. ದೀರ್ಘವಾಗಿ ಉಸಿರು ಎಳೆದುಕೊಳ್ಳಿ, ಧನಾತ್ಮಕವಾಗಿ ಯೋಚಿಸಿ ಎಂದು ಹೇಳಿಕೊಟ್ಟರು. ರಾತ್ರಿಯಿಡೀ ಬೇರೆಯವರ ಉಸಿರು ಎಣಿಸಿ ಬಂದ ನಾನು ಕ್ಯಾಮೆರಾ ಆಫ್ ಮಾಡಿ ನಿದ್ದೆಹೋದೆ. ಸಂಜೆ ಇ-ಮೇಲಿನಲ್ಲಿ ಪ್ರಮಾಣಪತ್ರ ಬಂದಿತ್ತು. ಆ ನಿದ್ದೆಯ ಮಟ್ಟಿಗೆ ಅವರಿಗೆ ನಾನು ಕೃತಜ್ಞ.

ಹನ್ನೊಂದನೆಯ ಬೆಡ್ಡಿನ ವಿಷಯವನ್ನು ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಸಹ. ಒಂದು ದಿನ ಹ್ಯಾಂಡ್‌ಓವರ್ ಮುಗಿಸಿ ಚಹಾ ಕುಡಿಯುತ್ತಿದ್ದಾಗ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಮ್ಮ ಹಿರಿಯ ಸಿಸ್ಟರ್ ಲೋಟವನ್ನೇ ನೋಡುತ್ತ, ‘ಮೇ ತಿಂಗಳಲ್ಲಿ ನಾನೂ ಎರಡು ಬೆಡ್ಡಿಗೆ ಇಳಿಸಿದ್ದೆ ಕಣಪ್ಪಾ’ ಎಂದರು. ನನ್ನ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ ನಾನು ಕೇಳಲಿಲ್ಲ. ಅವರೂ ಸಮಾಧಾನ ಹೇಳಲಿಲ್ಲ, ನಿನ್ನದೇನೂ ತಪ್ಪಿಲ್ಲ ಎನ್ನಲಿಲ್ಲ. ಅಂದು ರಾತ್ರಿ ಮನೆಯಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಇಂಥ ಮಾತಿಗೆ ಅಮೆರಿಕದಲ್ಲಿ ಷ್ವಾರ್ಟ್ಜ್ ರೌಂಡ್ಸ್ ಎಂಬ ಪದ್ಧತಿಯೇ ಇದೆ. 1995ರಲ್ಲಿ ಬಾಸ್ಟನ್ನಿನಲ್ಲಿ ಆರಂಭವಾದ ಕೇಂದ್ರವೊಂದು ಅದನ್ನು ಹಬ್ಬಿಸಿತು. ಡಾಕ್ಟರಿಂದ ಕಸಗುಡಿಸುವವರವರೆಗೆ ಎಲ್ಲರೂ ಕುಳಿತು, ರೋಗಕ್ಕಿಂತ ಹೆಚ್ಚಾಗಿ ಆ ಕೆಲಸ ತಮಗೆ ಏನು ಮಾಡಿತೆಂಬುದನ್ನು ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ ಸಾವಿನ ಆಡಿಟ್ ಇದೆ, ಇದು ಇಲ್ಲ.

ಮನಸ್ಸಿನ ಮಾತಾಡುವಾಗ ಸಂಬಳದ ಮಾತು ಏಕೆ ಎಂದು ನಿಮ್ಮಲ್ಲಿ ಯಾರಾದರೂ ಹುಬ್ಬು ಏರಿಸಬಹುದು. 2020ರ ಜುಲೈನಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. ಮನೆಮನೆಗೆ ಹೋಗಿ ಜ್ವರ ಕೇಳಿ ಬೈಗುಳ ತಿಂದವರು, ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಹಲ್ಲೆಗೂ ಒಳಗಾದವರು ಅವರು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಅದೇ ತಿಂಗಳು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ಬಂತು. ಸತ್ತರೆ 50 ಲಕ್ಷದ ವಿಮೆ ಎಂದೂ ಘೋಷಣೆಯಾಗಿತ್ತು. ಸಾಯದೆ ಉಳಿದವರು ತಿಂಗಳ ಕೊನೆಗೆ ಅಂಗಡಿಯ ಸಾಲ ತೀರಿಸಬೇಕಿತ್ತು. ಹೊರಗುತ್ತಿಗೆಯ ಸಂಬಳ ಎರಡು ತಿಂಗಳು ತಡವಾದಾಗ ಡಾಫಿಂಗ್ ಕೋಣೆಯ ಎಣಿಕೆಯೂ ಮಂಕಾದದ್ದನ್ನು ನಾನು ಕೇಳಿದ್ದೇನೆ.

ನಿಮ್ಹಾನ್ಸ್‌ನವರು 2020ರಲ್ಲೇ ಸಹಾಯವಾಣಿ ತೆರೆದಿದ್ದರು. ನಮ್ಮಲ್ಲಿ ಕರೆ ಮಾಡಿದವರು ವಿರಳ. ಹೆಸರು ಎಲ್ಲೋ ದಾಖಲಾಗುತ್ತದೆ, ನಾಳೆ ‘ಇವನಿಗೆ ತಲೆ ಸರಿಯಿಲ್ಲ’ ಎನ್ನುತ್ತಾರೆ ಎಂಬ ಅಳುಕು ಇತ್ತು. ಈಗ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಮಕ್ಕಳ ಮೊಬೈಲಿನಲ್ಲಿ ಅಂದೇ ಬರೆಸಿಬಿಡು.

ಬರುತ್ತೇನೆ. ಆದರೆ ವೇದಿಕೆ, ಬ್ಯಾನರು, ಶಾಲು ಬೇಡ. ಒಂದು ತರಗತಿಯ ಕೋಣೆ, ದುಂಡಗೆ ಹಾಕಿದ ಕುರ್ಚಿಗಳು ಸಾಕು. ಒಂದು ಕಿಟ್ ತರಿಸಿಡು, ಏಕೆಂದರೆ ಮೊದಲ ಅರ್ಧ ಗಂಟೆ ಪಾಠ ನನ್ನದಲ್ಲ, ಆ ಅಮ್ಮನದು. ಗುತ್ತಿಗೆ ಮುಗಿದ ಮೇಲೆ ಅವರು ಶಾಲೆಯೊಂದರ ಬಿಸಿಯೂಟದ ಅಡುಗೆಮನೆ ಸೇರಿದ್ದಾರೆ. ಕೇಳಿದಾಗ, ‘ಇನ್ನೂ ನೆನಪಿದೆಯಾ ನೋಡ್ತೀನಿ’ ಎಂದು ಫೋನಿನಲ್ಲೇ ಗ್ಲೌಸಿನಿಂದ ಶುರುಮಾಡಿ ಕೊನೆಯವರೆಗೆ ಎಣಿಸಿದರು. ಪಾತ್ರೆ ತೊಳೆದು ಹೊರಡುವ ಹೊತ್ತಿಗೆ ಮೂರು ಗಂಟೆಯಾಗುತ್ತದಂತೆ, ಆದ್ದರಿಂದ ಕಾರ್ಯಕ್ರಮವನ್ನು ನಾಲ್ಕಕ್ಕೆ ಇಡು, ಅವರ ಬಸ್ಸಿನ ಖರ್ಚು ನಿಮ್ಮ ಕಾಲೇಜಿನದು.

ನಿನ್ನ,
ಹಳೆಯ ಹಾಸ್ಟೆಲ್ ಕೋಣೆಯ ಗೆಳೆಯ