ಎಲ್ ಸೈಜಿನ ಡೆನಿಮ್ ಸ್ಕರ್ಟ್ ಪ್ಯಾಟರ್ನ್‌ನಲ್ಲಿ ಎಂ ಸೈಜಿನ ಯೋಕ್, ಬೆಲ್ಟ್: ಕೊನೆಯ ದೂರು

ಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳಿಗೆ

ವಿಷಯ: ಫಿಟೆಡ್ ಡೆನಿಮ್ ಸ್ಕರ್ಟ್ ಪಿಡಿಎಫ್ ಪ್ಯಾಟರ್ನ್‌ನ ಅಳತೆ ದೋಷ, ಹಣ ವಾಪಸಾತಿ ಮತ್ತು ನಿಮ್ಮ ಸಿಬ್ಬಂದಿಯ ವರ್ತನೆ

ಮಾನ್ಯರೇ,

590 ರೂಪಾಯಿ ಕೊಟ್ಟು ನಿಮ್ಮಿಂದ ಕೊಂಡ ಮಂಡಿಯುದ್ದದ ಸ್ಕರ್ಟಿನ ಪ್ಯಾಟರ್ನ್, ಅಂದರೆ ಪ್ರಿಂಟ್ ತೆಗೆದು ಬಟ್ಟೆ ಕತ್ತರಿಸಲು ಬಳಸುವ ಕಾಗದದ ನಕ್ಷೆ, ತಪ್ಪಾಗಿದೆ. ಮೂರು ಸಲ ಫೋನಿನಲ್ಲಿ ಹೇಳಿದೆ, ಎರಡು ಸಲ ಟೇಪಿಟ್ಟು ತೆಗೆದ ಫೋಟೊ ಸಮೇತ ಇಮೇಲ್ ಮಾಡಿದೆ. ಸಮಾಧಾನದಿಂದಲೇ ಹೇಳಿದೆ. ಇನ್ನು ಫೋನ್ ಮಾಡುವುದಿಲ್ಲ.

ತಪ್ಪು ಎಲ್ಲಿದೆ ಎಂಬುದನ್ನು ಮತ್ತೊಮ್ಮೆ ಬರೆಯುತ್ತೇನೆ. ದಯವಿಟ್ಟು ಪ್ಯಾಟರ್ನ್ ಡ್ರಾಫ್ಟ್ ಮಾಡಿದವರ ಕೈಗೇ ಇದನ್ನು ಕೊಡಿ. ಎಲ್ ಸೈಜಿಗೆ ನಿಮ್ಮ ಚಾರ್ಟ್ ಹೇಳುವುದು ಸೊಂಟ 34, ಸೀಟ್ (ಪೃಷ್ಠದ ಸುತ್ತಳತೆ) 42 ಇಂಚು. ಮುಂಭಾಗ, ಹಿಂಭಾಗದ ತುಂಡುಗಳು ಸರಿಯಾಗಿವೆ. ಹೊಲಿಗೆಗೆಂದು ಬಿಟ್ಟ ಅರ್ಧ ಇಂಚಿನ ಮಾರ್ಜಿನ್ ಕಳೆದರೆ ಸೀಟ್ ಗೆರೆಯಲ್ಲಿ ಮುಂದಿನ ತುಂಡು 10¾, ಹಿಂದಿನದು 11¼. ನಾಲ್ಕೂ ಸೇರಿ 44 ಇಂಚು. ಹಿಗ್ಗದ ಡೆನಿಮ್‌ಗೆ ಎರಡು ಇಂಚು ಲೂಸ್ ಬೇಕೇ ಬೇಕು, ಅದು ಸಿಕ್ಕಿದೆ. ಕೆಟ್ಟಿರುವುದು ಯೋಕ್, ಅಂದರೆ ಹಿಂಭಾಗದ ತುಂಡಿಗೂ ಬೆಲ್ಟಿಗೂ ನಡುವೆ ಬರುವ ಬಾಗಿದ ತುಂಡು. ಹಿಂಭಾಗದ ತುಂಡಿನ ಮೇಲಂಚು ಹೊಲಿಗೆ ಗೆರೆಯ ಮೇಲೆ 10 ಇಂಚಿದ್ದರೆ, ಅದಕ್ಕೆ ಕೂಡಬೇಕಾದ ಯೋಕಿನ ಕೆಳಗಂಚು 9½ ಇಂಚು. ನಡುಬೆನ್ನಿನ ಕಡೆ ಹೊಂದಿಸಿದರೆ ಪಕ್ಕದ ಹೊಲಿಗೆಯ ಹತ್ತಿರ ಅರ್ಧ ಇಂಚು ಬಟ್ಟೆ ಹೊರಗೆ ಉಳಿಯುತ್ತದೆ. ತುಂಡುಗಳನ್ನು ಜೋಡಿಸಲು ಹಾಕಿದ ನಾಚ್ ಗುರುತುಗಳೂ ಒಂದಕ್ಕೊಂದು ಸೇರುವುದಿಲ್ಲ.

ಕಾರಣವನ್ನು ಕಂಡುಹಿಡಿದದ್ದೂ ನಿಮ್ಮವರಲ್ಲ, ನಾನೇ. ಅದೇ ಫೈಲಿನಿಂದ ಎಂ ಸೈಜಿನ ಯೋಕ್ ಪ್ರಿಂಟ್ ತೆಗೆದು ಎಲ್ ಯೋಕಿನ ಮೇಲಿಟ್ಟು ಕಿಟಕಿ ಗಾಜಿಗೆ ಹಿಡಿದು ನೋಡಿ. ಎರಡೂ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೆಲ್ಟ್ ಪಟ್ಟಿಯದೂ ಅದೇ ಕಥೆ. ಉಳಿದ ತುಂಡುಗಳನ್ನು ಗ್ರೇಡ್ ಮಾಡಿ ಎಂ-ನಿಂದ ಎಲ್-ಗೆ ಸುತ್ತಳತೆಯಲ್ಲಿ ಎರಡು ಇಂಚು ಬೆಳೆಸಿದ್ದೀರಿ, ಅಂದರೆ ಕಾಲು ಭಾಗಕ್ಕೆ ಅರ್ಧ ಇಂಚು. ಯೋಕ್ ಮತ್ತು ಬೆಲ್ಟ್ ಬೆಳೆಸುವುದನ್ನು ಮರೆತಿದ್ದೀರಿ. ಆದ್ದರಿಂದ ಯೋಕನ್ನು ಹೇಗೋ ಎಳೆದು ಕೂರಿಸಿದರೂ ಸ್ಕರ್ಟಿನ ಮೇಲಂಚು 35 ಇಂಚು ಬರುತ್ತದೆ, ಬೆಲ್ಟಿನ ಕೆಳಗಂಚು 34 ಇಂಚೇ ಇರುತ್ತದೆ. ಜಿಪ್‌ನ ಎರಡೂ ಬದಿ ಅರ್ಧರ್ಧ ಇಂಚು ಕಡಿಮೆ.

ಇಷ್ಟನ್ನು ಹೇಳಿದಾಗ ನಿಮ್ಮ ಗ್ರಾಹಕ ಸೇವೆಯಲ್ಲಿ ನಡೆದದ್ದನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ. ಮೂರನೆಯ ಕರೆ, 22 ನಿಮಿಷ. ಅದರಲ್ಲಿ ಒಂಬತ್ತು ನಿಮಿಷ ಬರೀ ಸಂಗೀತ.

"ಮೇಡಂ, ಪ್ರಿಂಟ್ ನೂರು ಪರ್ಸೆಂಟ್ ಸ್ಕೇಲ್‌ನಲ್ಲಿ ತೆಗೆದ್ರಾ?"

ತೆಗೆದಿದ್ದೆ. ಪ್ರಿಂಟಿನ ಅಳತೆ ಪರೀಕ್ಷಿಸಲು ಕೊಟ್ಟ ಟೆಸ್ಟ್ ಚೌಕ ಎರಡೂ ಕಡೆ ಸರಿಯಾಗಿ ಎರಡು ಇಂಚು ಇದೆ ಎಂದೆ.

"ಹಾಗಾದ್ರೆ ಬಟ್ಟೆ ಕುಗ್ಗಿರುತ್ತೆ. ಡೆನಿಮ್ ತೊಳೆದು ಕಟ್ ಮಾಡ್ಬೇಕು."

ಎರಡು ಸಲ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಿದ್ದು, ಅದೂ ಅಲ್ಲದೆ ನಾನು ಅಳೆದದ್ದು ಬಟ್ಟೆಯನ್ನಲ್ಲ, ನಿಮ್ಮ ಕಾಗದವನ್ನು, ಕಾಗದವನ್ನು ಯಾರೂ ತೊಳೆಯುವುದಿಲ್ಲ ಎಂದೆ.

"ಅಂಚಿನ ಮೇಲೆ ಅಳೆದಿರ್ತೀರ. ಹೊಲಿಗೆ ಗೆರೆ ಮೇಲೆ ಅಳೀಬೇಕು ಮೇಡಂ."

ಹೊಲಿಗೆ ಗೆರೆಯ ಮೇಲೆಯೇ, ಟೇಪನ್ನು ನಿಲ್ಲಿಸಿ ಬಾಗಿನ ಉದ್ದಕ್ಕೂ ಅಳೆದಿದ್ದೇನೆ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ:

"ಎಷ್ಟು ದಿನ ಆಯ್ತು ಮೇಡಂ ಕಲಿತು? ಡೆನಿಮ್ ಸ್ವಲ್ಪ ಕಷ್ಟ. ಮೊದಲು ನೈಟಿ, ಪೆಟಿಕೋಟ್ ಹೊಲಿದು ಕೈ ಪಳಗಿಸ್ಕೊಳ್ಳಿ."

ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದವರಿಗೆ, ಫೋನನ್ನು ಕೈಯಿಂದ ಮುಚ್ಚದೆ, "ಯೋಕ್ ಆಂಟಿ ಮತ್ತೆ ಬಂದ್ರು" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಇಬ್ಬರು ನಕ್ಕರು. ಕೊನೆಗೆ ಸಿಕ್ಕ ಪರಿಹಾರ: "ಎಳೆದು ಹೊಲಿದ್ರೆ ಕೂತ್ಕೊಳ್ಳುತ್ತೆ ಬಿಡಿ."

ಕೂತುಕೊಳ್ಳುವುದಿಲ್ಲ. 11 ಔನ್ಸ್ ತೂಕದ ದಪ್ಪ ಡೆನಿಮ್‌ನಲ್ಲಿ, ಹತ್ತು ಇಂಚಿನ ಅಂಚಿನಲ್ಲಿ, ಅರ್ಧ ಇಂಚನ್ನು ಅಡಗಿಸಲು ಬರುವುದಿಲ್ಲ. ತೆಳು ಕಾಟನ್ ಆಗಿದ್ದರೆ ಸಣ್ಣ ನಿರಿಗೆಯಾಗಿ ಹೊಲಿಗೆಯೊಳಗೆ ಸೇರಿಹೋಗುತ್ತಿತ್ತು. ಇದರಲ್ಲಿ ಬಟ್ಟೆ ಉಬ್ಬಿ ನಿಲ್ಲುತ್ತದೆ. ಯೋಕಿನ ಅಂಚು ಬಾಗಿರುವುದರಿಂದ ಕೆಲವು ಕಡೆ ಓರೆ ಎಳೆಯಲ್ಲಿದೆ. ಮಷಿನ್ ಕೆಳಗೆ ಎಳೆದರೆ ಬಂದ ಹಾಗೆ ಕಾಣುತ್ತದೆ, ಒಂದು ಸಲ ನೀರಿಗೆ ಹಾಕಿದರೆ ಎಳೆ ಹಿಂದಕ್ಕೆ ಹೋಗಿ ಹೊಲಿಗೆ ಸುಕ್ಕುಗಟ್ಟುತ್ತದೆ. ಇದರ ಮೇಲೆ ನಿಮ್ಮ ಸೂಚನೆಯಲ್ಲೇ ಇಲ್ಲಿ ಮಡಚಿ ಎರಡು ಸಾಲು ಟಾಪ್‌ಸ್ಟಿಚ್ (ಮೇಲೆ ಕಾಣುವ ಹೊಲಿಗೆ) ಹಾಕಬೇಕೆಂದಿದೆ. ಪಕ್ಕದ ಹೊಲಿಗೆ ಬಂದು ಸೇರುವ ಜಾಗದಲ್ಲಿ ಪದರದ ಮೇಲೆ ಪದರ ಬೀಳುತ್ತದೆ. ಸರಿಯಾದ ಅಳತೆ ಇದ್ದರೂ ಆ ದಪ್ಪವನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, 16 ನಂಬರ್ ಜೀನ್ಸ್ ಸೂಜಿ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ದಾಟಿಸಬೇಕು. ಅಲ್ಲಿ ಉಬ್ಬಿದ ಬಟ್ಟೆಯೂ ಸೇರಿದರೆ ಸೂಜಿ ಮುರಿಯುತ್ತದೆ. ಎರಡು ಮುರಿದವು.

ಬಿಚ್ಚಿ ಹೊಲಿಯಿರಿ ಎಂದು ಹೇಳುವ ಮೊದಲು ಡೆನಿಮ್ ಏನೆಂದು ತಿಳಿದುಕೊಳ್ಳಿ. ಹಾಸು ನೂಲು ನೀಲಿ, ಹೊಕ್ಕು ನೂಲು ಬಿಳಿ. ಆ ನೀಲಿಯೂ ನೂಲಿನ ಮೇಲ್ಮೈಗೆ ಮಾತ್ರ, ಒಳತಿರುಳು ಬಿಳಿಯೇ. ಹೊಲಿಗೆ ಬಿಚ್ಚಿದ ಕಡೆ ಸೂಜಿಯ ರಂಧ್ರಗಳು ಬಿಳಿ ಚುಕ್ಕಿಗಳ ಸಾಲಾಗಿ ಉಳಿಯುತ್ತವೆ. ನನ್ನ ಮುಂದಿರುವ ಹಿಂಭಾಗದ ತುಂಡಿನಲ್ಲಿ ಅಂಥ ಎರಡು ಸಾಲುಗಳಿವೆ, ಒಂದಕ್ಕೊಂದು ಕಾಲಿಂಚು ದೂರದಲ್ಲಿ, ಯೋಕಿನ ಬಾಗಿನುದ್ದಕ್ಕೂ. ಈ ತುಂಡು ಇನ್ನು ಸ್ಕರ್ಟ್ ಆಗುವುದಿಲ್ಲ.

ಸರಿಪಡಿಸುವುದು ನಿಮಗೆ ಅರ್ಧ ದಿನದ ಕೆಲಸ. ಯೋಕನ್ನು ಪಕ್ಕದಲ್ಲಷ್ಟೇ ಬೆಳೆಸಬೇಡಿ, ಬಾಗು ಕೆಡುತ್ತದೆ. ನಡುವೆ ಮೇಲಿಂದ ಕೆಳಕ್ಕೆ ಕತ್ತರಿಸಿ, ಅರ್ಧ ಇಂಚು ಸಮನಾಗಿ ತೆರೆದು, ಗೆರೆಗಳನ್ನು ಮತ್ತೆ ಬಾಗಾಗಿ ಎಳೆಯಿರಿ. ಯೋಕ್ ಸರಿಯಾದರೆ ಸ್ಕರ್ಟಿನ ಮೇಲಂಚು 36 ಇಂಚಾಗುತ್ತದೆ, ಆದ್ದರಿಂದ ಬೆಲ್ಟಿಗೆ ಒಟ್ಟು ಎರಡು ಇಂಚು ಸೇರಿಸಿ. ಎಲ್ಲ ಸೈಜಿನ ಯೋಕನ್ನೂ ಅದರದರ ಹಿಂಭಾಗದ ತುಂಡಿನ ಪಕ್ಕದಲ್ಲಿಟ್ಟು ಟೇಪಿನಿಂದ ಅಳೆಯಿರಿ. ಮಾರುವ ಮುಂಚೆಯೇ ಆಗಬೇಕಿದ್ದ ಕೆಲಸವದು. ಜೀನ್ಸ್ ಹೊಲಿಗೆಯಿಂದಲೇ ಸಾವಿರಾರು ಮನೆಗಳ ಒಲೆ ಉರಿಯುವ ಬಳ್ಳಾರಿಯಲ್ಲಿ, ಜೋಡಿ ಹೊಂದಿಸದೆ ಒಂದು ತುಂಡನ್ನೂ ಯಾರೂ ಮುಂದಕ್ಕೆ ಕಳಿಸುವುದಿಲ್ಲ.

ಪ್ಯಾಟರ್ನ್‌ನಲ್ಲಿ ದೋಷವಿದ್ದರೆ ಏಳು ದಿನದಲ್ಲಿ ತಿದ್ದಿದ ಫೈಲ್ ಇಲ್ಲವೇ ಪೂರ್ತಿ ಹಣ ಎಂಬುದು ನಿಮ್ಮದೇ ನಿಯಮ, ನಿಮಗೆ ನಾನು ಹೇಳಿಕೊಡಬೇಕಿಲ್ಲ. ದೂರು ಬಂದ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂಬ 2020ರ ಇ-ಕಾಮರ್ಸ್ ನಿಯಮವೂ ನಿಮಗೆ ಗೊತ್ತಿದೆ. ನನ್ನ ಮೊದಲ ಇಮೇಲಿಗೆ ಇವತ್ತಿಗೆ 34 ದಿನ, ಸ್ವೀಕೃತಿಯೂ ಬಂದಿಲ್ಲ.

ಪ್ಯಾಟರ್ನ್ 590, 1.75 ಮೀಟರ್ ಡೆನಿಮ್ 630, ಏಳು ಇಂಚಿನ ಲೋಹದ ಜಿಪ್, ಗುಂಡಿ, ಟಾಪ್‌ಸ್ಟಿಚ್ ದಾರ ಸೇರಿ 140, ಒಟ್ಟು 1,360 ರೂಪಾಯಿ ಏಳು ದಿನದಲ್ಲಿ ನನ್ನ ಖಾತೆಗೆ ಬರಬೇಕು. ಈ ಎಲ್ ಸೈಜ್ ಕೊಂಡ ಎಲ್ಲರಿಗೂ ತಪ್ಪಿನ ವಿಷಯ ತಿಳಿಸಿ, ತಿದ್ದಿದ ಫೈಲ್ ಕಳಿಸಬೇಕು. ಅಲ್ಲಿಯವರೆಗೆ ಆ ಪ್ಯಾಟರ್ನ್ ಮಾರಾಟ ನಿಲ್ಲಬೇಕು. ಈ ಬೆಳಿಗ್ಗೆ ನೋಡಿದಾಗಲೂ ಮಾರಾಟದಲ್ಲಿತ್ತು.

ಬರದಿದ್ದರೆ ಎಂಟನೆಯ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಾಗುತ್ತದೆ. ಅದರ ಹಿಂದೆಯೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ. ಐದು ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಎರಡು ಯೋಕುಗಳ ಪ್ರಿಂಟ್, ಬಿಳಿ ಚುಕ್ಕಿ ಬಿದ್ದ ತುಂಡು, ಮುರಿದ ಸೂಜಿಗಳು, 22 ನಿಮಿಷದ ಕರೆಯ ರೆಕಾರ್ಡಿಂಗ್, ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ನಕ್ಕ ಇಬ್ಬರ ದನಿಯೂ ಅದರಲ್ಲಿದೆ.

ಇಂತಿ,
ನಿಮ್ಮ ಗ್ರಾಹಕಿ
ಬಳ್ಳಾರಿ