ಜಾಝ್ ಅಡ್ಡಹೆಸರುಗಳು ಬರೀ ತಮಾಷೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಾಝ್ ಸಂಗೀತಗಾರರ ವಿಚಿತ್ರ ಹೆಸರುಗಳ ಬಗ್ಗೆ ಅರ್ಧ ಪುಟದ ಬರಹ ಪ್ರಕಟವಾಗಿದೆ. ಕನ್ನಡ ಪತ್ರಿಕೆಯೊಂದು ಈ ವಿಷಯಕ್ಕೆ ಇಷ್ಟು ಜಾಗ ಕೊಟ್ಟಿದ್ದು ಸಂತೋಷವೇ. ಆದರೆ ಬರಹದ ಧಾಟಿ ಹಿಡಿಸಲಿಲ್ಲ. ಕುಡಿದ ಅಮಲಿನಲ್ಲಿ ಒಬ್ಬರಿಗೊಬ್ಬರು ಇಟ್ಟುಕೊಂಡ ಹೆಸರುಗಳಿವು ಎಂದು ಒಂದೇ ಸಾಲಿನಲ್ಲಿ ಷರಾ ಬರೆದು ಲೇಖಕರು ಕೈತೊಳೆದುಕೊಂಡಿದ್ದಾರೆ.

ಮೊದಲು ಕೆಲವು ತಿದ್ದುಪಡಿಗಳು. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅವರದು ಅಡ್ಡಹೆಸರೇ ಅಲ್ಲ. 1917ರಲ್ಲಿ ನಾರ್ತ್ ಕೆರೊಲಿನಾದ ರಾಕಿ ಮೌಂಟ್‌ನಲ್ಲಿ ಹುಟ್ಟಿದ ಮಗುವಿಗೆ ಅಪ್ಪನ ಹೆಸರನ್ನೇ ಇಟ್ಟಿದ್ದರು. ಟ್ರಾಂಬೋನ್ ವಾದಕ ಜ್ಯಾಕ್ ಟೀಗಾರ್ಡನ್ ಅವರದೂ ಮನೆತನದ ಹೆಸರು, ಚಹಾ ತೋಟಕ್ಕೂ ಅವರಿಗೂ ಸಂಬಂಧವಿಲ್ಲ. ಇನ್ನು ಜೆಲ್ಲಿ ರೋಲ್ ಎಂಬ ಸಿಹಿತಿಂಡಿ ಇರುವುದರಿಂದ ಜೆಲ್ಲಿ ರೋಲ್ ಮಾರ್ಟನ್ ಸಿಹಿತಿಂಡಿಪ್ರಿಯರಾಗಿದ್ದಿರಬೇಕು ಎಂಬ ಊಹೆ ಓದಿ ನಗು ಬಂತು. ನ್ಯೂ ಆರ್ಲಿಯನ್ಸ್‌ನ ವೇಶ್ಯಾಗೃಹಗಳಲ್ಲಿ ಪಿಯಾನೊ ನುಡಿಸಿ ಬೆಳೆದವರು ಅವರು. ಆ ಹೆಸರಿನ ಒಳಾರ್ಥ ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬಿಡಿಸಿ ಹೇಳುವಂಥದ್ದಲ್ಲ. 1902ರಲ್ಲಿ ಜಾಝ್ ಕಂಡುಹಿಡಿದವನು ತಾನೇ ಎಂದು ಹೇಳಿಕೊಂಡವರಿಗೆ ಹೆಸರಿನ ಬಗ್ಗೆ ಸಂಕೋಚವೇನೂ ಇದ್ದಂತಿಲ್ಲ. ತಿಂಡಿಪೋತರೇ ಬೇಕಿದ್ದರೆ ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಇದ್ದಾರೆ. ಅವರ ಹಸಿವು ಕಂಡು ಶಾಲೆಯ ಗೆಳೆಯರು ‘ಕ್ಯಾನಿಬಲ್’, ಅಂದರೆ ನರಭಕ್ಷಕ, ಎಂದು ಕರೆದರು. ಬಾಯಿಂದ ಬಾಯಿಗೆ ಹೋಗುತ್ತಾ ಅದು ‘ಕ್ಯಾನನ್‌ಬಾಲ್’, ಅಂದರೆ ಫಿರಂಗಿ ಗುಂಡು, ಆಯಿತು.

ಕಿಂಗ್ ಆಲಿವರ್, ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ. ರಾಜರೇ ಇಲ್ಲದ ದೇಶದಲ್ಲಿ ಈ ಬಿರುದುಗಳೇಕೆ ಎಂದು ಲೇಖಕರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ, ಆದರೆ ಉತ್ತರದ ಗೋಜಿಗೆ ಹೋಗಿಲ್ಲ. ಆಗಿನ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ‘ಮಿಸ್ಟರ್’ ಎಂಬ ಮರ್ಯಾದೆ ಬಿಳಿಯರ ಬಾಯಲ್ಲಿ ಸಿಗುತ್ತಿರಲಿಲ್ಲ. ಮೊಮ್ಮಕ್ಕಳನ್ನು ಕಂಡವರೂ ಅವರಿಗೆ ‘ಬಾಯ್’. ಅಂಥ ನೆಲದಿಂದ ಬಂದ, ತುತ್ತೂರಿಯಂಥ ಕಾರ್ನೆಟ್ ನುಡಿಸುತ್ತಿದ್ದ ಜೋ ಆಲಿವರ್ ಷಿಕಾಗೋದಲ್ಲಿ ತಂಡ ಕಟ್ಟಿದರು. 1923ರ ಅವರ ಧ್ವನಿಮುದ್ರಿಕೆಗಳ ಮೇಲೆ ‘ಕಿಂಗ್ ಆಲಿವರ್ಸ್ ಕ್ರಿಯೋಲ್ ಜಾಝ್ ಬ್ಯಾಂಡ್’ ಎಂದು ಅಚ್ಚಾಗಿದೆ. ಅಂಗಡಿಗೆ ಹೋಗಿ ಆ ಗ್ರಾಮಫೋನ್ ತಟ್ಟೆ ಕೇಳುವ ಬಿಳಿಯನೂ ಅವರನ್ನು ‘ಕಿಂಗ್’ ಎನ್ನಲೇಬೇಕಿತ್ತು. ಗಾಯಕಿ ಬೆಸ್ಸಿ ಸ್ಮಿತ್ ಅವರನ್ನು ರೆಕಾರ್ಡ್ ಕಂಪನಿ ಬ್ಲೂಸ್ (ಕಪ್ಪು ಜನರ ಹಾಡುಗಾರಿಕೆಯ ಒಂದು ಬಗೆ) ರಾಣಿ ಎಂದಿತು, ಪತ್ರಿಕೆಗಳು ಅದೂ ಸಾಲದೆಂದು ಸಾಮ್ರಾಜ್ಞಿ ಎಂದವು. ಎಲ್ಲ ಬಿರುದೂ ಸೆಡ್ಡು ಹೊಡೆಯಲೆಂದೇ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ವಾಷಿಂಗ್ಟನ್‌ನ ಎಡ್ವರ್ಡ್ ಕೆನಡಿ ಎಲಿಂಗ್ಟನ್ ಅವರ ಉಡುಪಿನ ಠೀವಿ ನೋಡಿ ಬಾಲ್ಯದ ಗೆಳೆಯನೊಬ್ಬ ‘ಡ್ಯೂಕ್’ ಎಂದ, ಅದೇ ನಿಂತಿತು.

ಆದರೆ ಹೆಸರಿಡುವ ಕಲೆಯಲ್ಲಿ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಅವರನ್ನು ಮೀರಿಸಿದವರಿಲ್ಲ. ನಿಮ್ಮ ಬರಹದಲ್ಲಿ ಅವರ ಸುದ್ದಿಯೇ ಇಲ್ಲ! 1930ರ ದಶಕದಲ್ಲಿ ನ್ಯೂಯಾರ್ಕ್‌ಗೆ ಬಂದ ಅವರು ಗಾಯಕಿ ಬಿಲ್ಲಿ ಹಾಲಿಡೇ ಮತ್ತು ಆಕೆಯ ತಾಯಿ ಇದ್ದ ಮನೆಯಲ್ಲಿ ಕೆಲಕಾಲ ತಂಗಿದ್ದರು. ಹಾಲಿಡೇ ಅವರನ್ನು ‘ಲೇಡಿ ಡೇ’ ಎಂದು ಕರೆದವರು ಅವರೇ. ಮಗಳು ಲೇಡಿಯಾದ ಮೇಲೆ ತಾಯಿಯನ್ನು ಬಿಡುವುದು ಹೇಗೆ? ಆಕೆ ‘ಡಚೆಸ್’ ಆದರು. ಹಾಲಿಡೇ ಸುಮ್ಮನಿರಲಿಲ್ಲ. ಕಿಂಗ್, ಡ್ಯೂಕ್, ಕೌಂಟ್ ಎಲ್ಲ ಆಗಲೇ ಖರ್ಚಾಗಿದ್ದವು, ದೇಶದ ದೊಡ್ಡ ಮನುಷ್ಯರೆಂದರೆ ಅಧ್ಯಕ್ಷ ರೂಸ್‌ವೆಲ್ಟ್. ಆದ್ದರಿಂದ ಯಂಗ್ ‘ಪ್ರೆಸ್’, ಅಂದರೆ ಪ್ರೆಸಿಡೆಂಟ್, ಆದರು. ಕೊಟ್ಟವರೂ ಪಡೆದವರೂ ಒಂದೇ ವೇದಿಕೆಯವರು, ಒಬ್ಬರ ಕಸುಬನ್ನು ಇನ್ನೊಬ್ಬರು ಬಲ್ಲವರು. ಸರ್ಕಾರದ ಪ್ರಶಸ್ತಿ ಫಲಕಗಳಿಗಿಂತ ಇದು ಯಾವ ರೀತಿಯಲ್ಲಿ ಕಡಿಮೆ? ಇಬ್ಬರೂ 1959ರಲ್ಲಿ ತೀರಿಕೊಂಡರು, ಯಂಗ್ ಮಾರ್ಚ್‌ನಲ್ಲಿ, ಹಾಲಿಡೇ ಜುಲೈನಲ್ಲಿ.

ಅಪಹಾಸ್ಯದ ಹೆಸರುಗಳೂ ಇದ್ದವು. ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ದೊಡ್ಡ ಬಾಯಿಯನ್ನು ಚೀಲಕ್ಕೆ ಹೋಲಿಸಿ ‘ಸ್ಯಾಚೆಲ್‌ಮೌತ್’ ಎನ್ನುತ್ತಿದ್ದರು. ಕಪ್ಪು ಜನರ ತುಟಿ, ಬಾಯಿಗಳನ್ನು ಆಡಿಕೊಂಡು ನಗುವುದು ಆ ಕಾಲದ ಬಿಳಿಯರ ರಂಗಭೂಮಿಗೆ ಹೊಸದಲ್ಲ. 1932ರಲ್ಲಿ ಆರ್ಮ್‌ಸ್ಟ್ರಾಂಗ್ ಲಂಡನ್‌ಗೆ ಹೋದಾಗ ‘ಮೆಲೊಡಿ ಮೇಕರ್’ ಪತ್ರಿಕೆಯ ಪರ್ಸಿ ಬ್ರೂಕ್ಸ್ ಅದನ್ನು ಮೊಟಕುಗೊಳಿಸಿ ‘ಸ್ಯಾಚ್ಮೋ’ ಎಂದು ಬರಮಾಡಿಕೊಂಡರು (ಅವರೂ ನಿಮ್ಮಂತೆ ಸಂಪಾದಕರೇ, ಗಮನಿಸಿ). ಆರ್ಮ್‌ಸ್ಟ್ರಾಂಗ್ ಅದನ್ನು ಸಂತೋಷದಿಂದ ಮೈಮೇಲೆ ಹಾಕಿಕೊಂಡರು. ರಾತ್ರಿಯಿಂದ ರಾತ್ರಿಗೆ ತಾರಸ್ವರ ಊದಿ ತುಟಿ ಸೀಳಿ, ಮುಲಾಮು ಹಚ್ಚಿಕೊಂಡು ಮತ್ತೆ ಊದಲು ನಿಂತವರ ಬಾಯಿ ಅದು. ಜಗತ್ತು ಕೊನೆಗೆ ಆ ಹೆಸರನ್ನು ಪ್ರೀತಿಯಿಂದಲೇ ಕರೆಯಿತು.

ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ‘ಬರ್ಡ್’ ಆದದ್ದಕ್ಕೆ ಹಲವು ಕಥೆಗಳಿವೆ. ತಂಡದ ನಾಯಕ ಜೇ ಮ್ಯಾಕ್‌ಶ್ಯಾನ್ ಹೇಳುತ್ತಿದ್ದದ್ದು ನನಗೆ ಮೆಚ್ಚು. ಕಾರ್ಯಕ್ರಮಕ್ಕೆ ಹೊರಟಿದ್ದ ಕಾರಿಗೆ ದಾರಿಯಲ್ಲಿ ಕೋಳಿ ಸಿಕ್ಕಿ ಸತ್ತಿತು. ಆಡುಮಾತಿನಲ್ಲಿ ಕೋಳಿಗೆ ‘ಯಾರ್ಡ್‌ಬರ್ಡ್’ ಎನ್ನುತ್ತಿದ್ದರು. ಪಾರ್ಕರ್ ಕಾರು ತಿರುಗಿಸಲು ಹೇಳಿ ಅದನ್ನು ಎತ್ತಿಕೊಂಡು, ಉಳಿದುಕೊಂಡಿದ್ದ ಮನೆಯಲ್ಲಿ ಅಡುಗೆ ಮಾಡಿಸಿದರಂತೆ. ಆ ಹೆಸರೇ ಅವರಿಗೆ ಅಂಟಿಕೊಂಡು, ಮೊಟಕಾಗಿ ‘ಬರ್ಡ್’ ಆಯಿತು. ರಸ್ತೆಗೆ ಬಿದ್ದ ಆ ಕೋಳಿಯ ಹೆಸರಿನಲ್ಲಿ 1949ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ‘ಬರ್ಡ್‌ಲ್ಯಾಂಡ್’ ಕ್ಲಬ್ ತೆರೆಯಿತು. ಮುಂದೊಂದು ದಿನ ಪಾರ್ಕರ್ ಅವರಿಗೇ ಅಲ್ಲಿ ಪ್ರವೇಶ ನಿಷೇಧಿಸಲಾಯಿತು. ಅಲ್ಲಿನ ನಿರೂಪಕ ಪೀ ವೀ ಮಾರ್ಕೆಟ್ ಅವರ ಕಥೆ ಇನ್ನೂ ಸೊಗಸು. ಭಕ್ಷೀಸು ಕೊಡದ ಕಲಾವಿದರ ಹೆಸರನ್ನು ಮೈಕಿನಲ್ಲಿ ಬೇಕೆಂದೇ ತಪ್ಪಾಗಿ ಉಚ್ಚರಿಸುತ್ತಿದ್ದರಂತೆ. ಹೆಸರಿನ ಬೆಲೆ ಆ ಮನುಷ್ಯರಿಗೆ ಚೆನ್ನಾಗಿ ಗೊತ್ತಿತ್ತು.

ಕಡೆಯದಾಗಿ ಒಂದು ಕೋರಿಕೆ. ನಿಮ್ಮ ಪಟ್ಟಿಯಲ್ಲಿ ನಮ್ಮ ಕಡೆಯವರು ಒಬ್ಬರೂ ಇಲ್ಲ. ಗೋವಾದ ಟ್ರಂಪೆಟ್ ವಾದಕ ಆಂಟೋನಿಯೊ ಕ್ಸೇವಿಯರ್ ವಾಝ್ ಮುಂಬೈಯಲ್ಲಿ ‘ಚಿಕ್ ಚಾಕೊಲೇಟ್’ ಎಂದೇ ಹೆಸರುವಾಸಿಯಾಗಿದ್ದರು. ಆರ್ಮ್‌ಸ್ಟ್ರಾಂಗ್ ಶೈಲಿಯನ್ನು ಅರೆದು ಕುಡಿದಿದ್ದ ಅವರು ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆ ದುಡಿದವರು. 1951ರ ‘ಅಲ್ಬೇಲಾ’ ಚಿತ್ರದ ಹಾಡುಗಳನ್ನು ಕೇಳಿದ ಹಿರಿಯರೆಲ್ಲ ಅವರನ್ನು ಹೆಸರು ತಿಳಿಯದೆಯೇ ಕೇಳಿದ್ದಾರೆ. ಮುಂದಿನ ಪುರವಣಿಯಲ್ಲಿ ಅವರ ಬಗ್ಗೆ, ಮತ್ತು ಅವರಂತೆ ಮುಂಬೈಯ ಹೋಟೆಲು, ಸ್ಟುಡಿಯೊಗಳಲ್ಲಿ ನುಡಿಸಿದ ಗೋವಾದ ಇತರರ ಬಗ್ಗೆ, ಬಲ್ಲವರಿಂದ ಬರೆಸಬೇಕಾಗಿ ವಿನಂತಿ.

ಇತಿ,
ನಿಮ್ಮ ಹಳೆಯ ಓದುಗ, ಮೈಸೂರು